ಸಣ್ಣ ಬಚ್ಚಲು ಮನೆ: ದುಡ್ಡು ಹಾಕಬೇಕಾದದ್ದು ಟೈಲ್ಸ್ ಅಡಿಯಲ್ಲಿ

ಐದಕ್ಕೆ ನಾಲ್ಕಡಿಯ ಹಳೆಯ ಬಚ್ಚಲು ಮನೆಯನ್ನು ಕಡಿಮೆ ಖರ್ಚಿನಲ್ಲಿ ನಾವೇ ಹೊಸದು ಮಾಡಿಕೊಳ್ಳಬಹುದೇ, ಉಳಿತಾಯ ಎಲ್ಲಿ ಸಾಧ್ಯ ಎಂದು ಕೇಳಿದ್ದೀರಿ. ಮಾಡಿಕೊಳ್ಳಬಹುದು. ಕೋಲಾರದ ನಮ್ಮ ಮನೆಯಲ್ಲಿ ಅಷ್ಟೇ ಅಳತೆಯ ಬಚ್ಚಲನ್ನು ನಾನೂ ನನ್ನ ತಮ್ಮನೂ ಎರಡು ಸಲ ಮಾಡಿದ್ದೇವೆ. ಮೊದಲ ಸಲ ಇದ್ದ ಹಣವನ್ನೆಲ್ಲ ಹೊಳೆಯುವ ಟೈಲ್ಸ್‌ಗೆ ಸುರಿದು, ನೀರು ತಡೆಯುವ ಲೇಪನವನ್ನು ಬಿಟ್ಟಿದ್ದೆವು. ವರ್ಷ ತುಂಬುವುದರೊಳಗೆ ಪಕ್ಕದ ಕೋಣೆಯ ಗೋಡೆ ತೇವಗೊಂಡು ಸುಣ್ಣ ಉದುರತೊಡಗಿತು.

ಗೋಡೆಯ ಹಳೆಯ ಟೈಲ್ಸ್ ತಟ್ಟಿದಾಗ ಪೊಳ್ಳು ಸದ್ದು ಬರದಿದ್ದರೆ ಒಡೆಯಬೇಡಿ. ಅದಕ್ಕೆಂದೇ ಸಿಗುವ ಅಂಟಿನಿಂದ ಅವುಗಳ ಮೇಲೆಯೇ ಹೊಸದನ್ನು ಕೂರಿಸಬಹುದು. ನೆಲವನ್ನು ಮಾತ್ರ ಅಗೆಯಲೇಬೇಕು, ಏಕೆಂದರೆ ನೆಲ ಎತ್ತರವಾದರೆ ನೀರು ಹೊಸ್ತಿಲು ದಾಟುತ್ತದೆ. ಅಗೆದ ಮೇಲೆ ನೀರು ಹೊರಹೋಗುವ ಜಾಲಿಯ ಕಡೆಗೆ ಅಡಿಗೆ 4–5 ಮಿಲಿಮೀಟರ್‌ನಂತೆ ವಾಟ, ಅಂದರೆ ಇಳಿಜಾರು, ಕೊಡಿ. ಐದಡಿಗೆ ಸುಮಾರು 20–25 ಮಿಲಿಮೀಟರ್ ಇಳಿಯಬೇಕು. ಅದನ್ನು ಕಣ್ಣಂದಾಜಿಗೆ ಬಿಡದೆ ನೂಲು ಕಟ್ಟಿ, ರಸಮಟ್ಟ ಇಟ್ಟು ನೋಡಿ.

ಗಾರೆ ಗಟ್ಟಿಯಾದ ಮೇಲೆ, ನೆಲವೂ ಗೋಡೆಯೂ ಸೇರುವ ಮೂಲೆಗಳನ್ನು ದುಂಡಗೆ ತುಂಬಿ, ಸಿಮೆಂಟಿಗೆ ಬೆರೆಸುವ ಪಾಲಿಮರ್ ಲೇಪನವನ್ನು ನೆಲಕ್ಕೂ ಗೋಡೆಯ ಕೆಳಗಿನ ಒಂದಡಿಗೂ ಹಚ್ಚಿ, ಅದು ಒಣಗಿದ ನಂತರ ಮೊದಲಿನದಕ್ಕೆ ಅಡ್ಡಲಾಗಿ ಇನ್ನೊಂದು ಸಲ ಬಳಿಯಿರಿ. ಪೈಪು ನೆಲದೊಳಕ್ಕೆ ಇಳಿಯುವ ಜಾಗದಲ್ಲಿ ಕೈ ಬಿಗಿ ಮಾಡಬೇಡಿ, ನಮಗೆ ಸೋರಿದ್ದು ಅಲ್ಲಿಯೇ. ಲೇಪನ ಪೂರ್ತಿ ಒಣಗಿದ ಮೇಲೆ ಜಾಲಿಯ ಬಾಯಿ ಬಿಗಿದು, ಎರಡಂಗುಲ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಗುರುತು ಹಾಕಿ 48 ಗಂಟೆ ಕಾಯಿರಿ. ಪಕ್ಕದ ಗೋಡೆಯೂ, ಮಹಡಿಯ ಮನೆಯಾದರೆ ಕೆಳಗಿನ ತಾರಸಿಯೂ ಒಣಗಿದ್ದರೆ ಮಾತ್ರ ಟೈಲ್ಸ್ ತನ್ನಿ.

ನೆಲಕ್ಕೆ ಒಂದಡಿ ಚದರದ, ಕಾಲು ಜಾರದ ಸಾದಾ ಟೈಲ್ಸ್ ಸಾಕು. ಸ್ನಾನದ ಮೂಲೆ ಬಿಟ್ಟು ಉಳಿದ ಗೋಡೆಗೆ ನಾಲ್ಕಡಿಯವರೆಗೆ ಹಾಕಿ, ಮೇಲಕ್ಕೆ ಬಣ್ಣ ಹೊಡೆದರೂ ನಡೆಯುತ್ತದೆ. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರು ಕಪ್ಪು, ನುಣುಪು ಟೈಲ್ಸ್ ಮೇಲೆ ಬಿಳಿ ಕಲೆಯನ್ನು ಎತ್ತಿ ತೋರಿಸುತ್ತದೆ. ತಿಳಿ ಬಣ್ಣದವನ್ನೇ ಆರಿಸಿ.

ಬಿಸಿನೀರಿಗೆ ಸಾಮಾನ್ಯ ಪಿವಿಸಿ ಪೈಪು ಬೇಡ, ಬಿಸಿ ತಡೆಯುವ ಸಿಪಿವಿಸಿಯೇ ಬೇಕು. ಗೀಸರ್‌ನ ತಂತಿ ಕೆಲಸವನ್ನು ಮಾತ್ರ ಬಲ್ಲ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿ, ಅರ್ಥಿಂಗ್ ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸಿ. ಅಲ್ಲಿ ಉಳಿತಾಯದ ಮಾತೇ ಬೇಡ.