ಹಾಸ್ಕಂತಾರಾ, ಹೊದ್ಕಂತಾರಾ?

ನಿಮ್ಮ ಪ್ರಶ್ನೆ ಇದು: "ದೊಡ್ಡ ದೊಡ್ಡ ಕಂಪನಿಗಳೇ ಬೇರೆ ದೇಶದ ಜನರ ರೀತಿ ನೀತಿ ತಿಳಿಯದೆ ನಷ್ಟ ಮಾಡಿಕೊಂಡಿವೆ ಅಂತಾರೆ, ನಿಜಾನಾ? ದಾವಣಗೆರೆಯಲ್ಲಿ ನಮ್ಮದು ಸಣ್ಣ ಖಾರ ಮಂಡಕ್ಕಿ ಪ್ಯಾಕಿಂಗ್ ಕೆಲಸ. ಹೊರದೇಶಕ್ಕೆ ಕಳಿಸುವ ಆಸೆ ಇದೆ. ಇದರ ಬಿಸಿ ನಮಗೂ ತಟ್ಟುತ್ತಾ?"

ತಟ್ಟುತ್ತೆ. ನನಗೆ ತಟ್ಟಿದ್ದನ್ನು ಮೊದಲು ಹೇಳುತ್ತೇನೆ, ಆಮೇಲೆ ದೊಡ್ಡವರ ವಿಷಯಕ್ಕೆ ಬರೋಣ.

ನಾನೂ ದಾವಣಗೆರೆಯವನೇ. ಚಳ್ಳಕೆರೆ ಕಡೆಯ ನೇಕಾರರ ಹತ್ತಿರ ಕಂಬಳಿ ತಗೊಂಡು ಹೊರಗೆ ಕಳಿಸುವ ಸಣ್ಣ ವ್ಯಾಪಾರ ನನ್ನದು. ಕೆಲವು ವರ್ಷದ ಹಿಂದೆ ಜರ್ಮನಿಯ ಒಂದು ಅಂಗಡಿಯಿಂದ 60 ಕಂಬಳಿಗೆ ಆರ್ಡರ್ ಬಂತು. ಹೊರದೇಶದ ಮೊದಲ ಆರ್ಡರ್. ಬೇರೆಯವರಿಗೆ ವಹಿಸದೆ ನಾನೇ ಹೋಗಿ ಕೂತು ಒಂದೊಂದನ್ನೂ ಆರಿಸಿದೆ.

ಕಂಬಳಿ ಆರಿಸುವುದು ಹೇಗೆ ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ನೇಯುವ ಮುಂಚೆ ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ನೂಲಿಗೆ, ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಗಂಜಿ ಚೆನ್ನಾಗಿ ಹಿಡಿದರೆ ಕಂಬಳಿ ಗಡುಸಾಗಿರುತ್ತದೆ. ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡರೆ ಕುಸಿಯದೆ ನಿಲ್ಲುತ್ತದೆ, ಮಳೆನೀರು ಜಾರಿ ಹೋಗುತ್ತದೆ. ಕುರಿ ಕಾಯುವವರು ಕೊಳ್ಳುವಾಗ ಮಡಿಕೆಯನ್ನು ಅಂಗೈಯಲ್ಲಿ ತಟ್ಟಿ ನೋಡುತ್ತಾರೆ. ನಾನೂ ಹಾಗೇ ತಟ್ಟಿ ನೋಡಿ, ಇದ್ದುದರಲ್ಲೇ ಗಟ್ಟಿಯಾದ 60 ಕಂಬಳಿ ಎತ್ತಿಟ್ಟೆ. ನಮ್ಮೂರಿನ ಮಾನ ಹೊರದೇಶದಲ್ಲಿ ಉಳಿಯಬೇಕು ಅಂತ ಪ್ರಾಮಾಣಿಕವಾಗಿ ಮಾಡಿದ ಕೆಲಸ ಅದು.

ಆವತ್ತು ಅಲ್ಲೇ ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಅಜ್ಜಿಯೊಬ್ಬರು ಕೇಳಿದರು: "ಅಲ್ಲಪ್ಪಾ, ಅವ್ರು ಇದನ್ನ ಹಾಸ್ಕಂತಾರಾ, ಹೊದ್ಕಂತಾರಾ?"

ನನಗೆ ಗೊತ್ತಿರಲಿಲ್ಲ. "ಎರಡಕ್ಕೂ ಬರುತ್ತೆ ಬಿಡಜ್ಜಿ" ಅಂದೆ. ಅಜ್ಜಿ ಸುಮ್ಮನಾದರು.

ಆ ಅಂಗಡಿಯವರು ಕಂಬಳಿ ಮಾರುತ್ತಿದ್ದದ್ದು ಸೋಫಾ ಮೇಲೆ ಇಟ್ಟುಕೊಂಡು, ಚಳಿಯಾದಾಗ ಮೈಮೇಲೆ ಎಳೆದುಕೊಳ್ಳುವುದಕ್ಕೆ. ಬಂಡಲ್ ಬಿಚ್ಚಿದರೆ ಹಲಗೆಯಂಥ ಕಂಬಳಿ. ಕೊಡವಿದರೆ ನೆಲದ ಮೇಲೆ ಸಣ್ಣ ಪುಡಿ ಉದುರಿದೆ. ಪರೀಕ್ಷೆಗೆ ಅಂತ ಒಂದನ್ನು ವಾಷಿಂಗ್ ಮಷೀನಿಗೆ ಹಾಕಿದ್ದಾರೆ. ನೀರೆಲ್ಲ ಕಂದು ಬಣ್ಣ, ಲೋಳೆ ಲೋಳೆ. ಕಂಬಳಿ ಮುದುಡಿ ಚಿಕ್ಕದಾಗಿದೆ. ಫೋಟೊಗಳ ಜೊತೆ ಒಂದು ಪತ್ರ ಬಂತು: ತೂಕ ಜಾಸ್ತಿ ಬರಲಿ ಅಂತ ಯಾವ ಗೋಂದು ಬಳಿದಿದ್ದೀರಿ?

ಆ ಒಂದು ಸಾಲು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮೋಸಗಾರ ಅಂದರಲ್ಲ ಅಂತ ಹೊಟ್ಟೆ ಉರಿಯಿತು. ನಾನೂ ಖಾರವಾಗಿ ಉತ್ತರ ಬರೆದೆ. ಕೊನೆಗೆ ಅರ್ಧ ದುಡ್ಡು ಬಂತು, ಉಳಿದದ್ದು ಬರಲಿಲ್ಲ. ನನಗೆ ಆ ದುಡ್ಡಿಗಿಂತ ಜಾಸ್ತಿ ನೆನಪಿರುವುದು ಅಜ್ಜಿಯ ಮಾತು. ಅವರು ಕೇಳಿದ್ದನ್ನೇ ಜರ್ಮನಿಗೆ ಒಂದು ಸಾಲು ಬರೆದು ಕೇಳಿದ್ದರೆ, ಗಂಜಿ ತೊಳೆದು ಮೆತ್ತಗೆ ಮಾಡಿ ಕಳಿಸುತ್ತಿದ್ದೆ. ಅಷ್ಟೇ ಕೆಲಸ.

ಅದಾದ ಮೇಲೆ ದೊಡ್ಡ ಕಂಪನಿಗಳು ಎಡವಿದ ಕಥೆ ಓದುವಾಗೆಲ್ಲ ನಾನು ಹುಡುಕುವುದು ಇದನ್ನೇ: ಇಲ್ಲಿ ಅಜ್ಜಿ ಯಾರು? ಕೇಳಬೇಕಾದ ಪ್ರಶ್ನೆಯನ್ನು ಯಾರೋ ಒಬ್ಬರು ಕೇಳಿಯೇ ಇರುತ್ತಾರೆ ಅಂತ ನನ್ನ ನಂಬಿಕೆ. ಅದು ಮೇಲಿನವರೆಗೆ ಹೋಗಿರುವುದಿಲ್ಲ.

ಅಮೆರಿಕದ ಕೆಲಾಗ್ಸ್ ಕಂಪನಿ ತಗೊಳ್ಳಿ. 1994ರಲ್ಲಿ ಭಾರತಕ್ಕೆ ಬಂತು. ಕಾರ್ನ್‌ಫ್ಲೇಕ್ಸ್ ಅಂದರೆ ತಣ್ಣನೆ ಹಾಲಿಗೆ ಹಾಕಿ ಗರಿಗರಿ ಇರುವಾಗಲೇ ತಿನ್ನುವ ಪದಾರ್ಥ. ನಮ್ಮ ಮನೆಗಳಲ್ಲಿ ಬೆಳಗ್ಗೆ ಹಾಲು ಅಂದರೆ ಕಾಯಿಸಿದ ಹಾಲು. ತಣ್ಣನೆ ಹಾಲು ಮಕ್ಕಳಿಗೆ ಕೊಟ್ಟರೆ ಶೀತ ಆಗುತ್ತೆ ಅಂತ ಅಮ್ಮಂದಿರು ಬಿಡುವುದಿಲ್ಲ. ಬಿಸಿ ಹಾಲು ಸುರಿದರೆ ಎರಡು ನಿಮಿಷದಲ್ಲಿ ಎಲ್ಲ ಮುದ್ದೆ. ಮೊದಲ ಸಲ ಕುತೂಹಲಕ್ಕೆ ಕೊಂಡವರು ಎರಡನೇ ಡಬ್ಬಿಗೆ ಬರಲಿಲ್ಲ.

ನೀವು ಮಂಡಕ್ಕಿಯವರು, ನಿಮಗೆ ಇದು ಬೇಗ ಹೊಳೆಯುತ್ತದೆ. ಒಗ್ಗರಣೆ ಮಂಡಕ್ಕಿಗೆ ನಾವು ಬೇಕಂತಲೇ ನೀರಲ್ಲಿ ಅದ್ದುತ್ತೇವೆ. ಆದರೆ ಎಷ್ಟು ಹೊತ್ತು ಅದ್ದಬೇಕು, ಯಾವಾಗ ಹಿಂಡಿ ತೆಗೆಯಬೇಕು ಅನ್ನುವುದು ಕೈಗೇ ಗೊತ್ತು. ಅದನ್ನು ಯಾರೂ ಪ್ಯಾಕೆಟ್ ಮೇಲೆ ಬರೆಯುವುದಿಲ್ಲ. ಅಮೆರಿಕದವರಿಗೆ ತಣ್ಣನೆ ಹಾಲು ಹಾಗೆ. ಅದು ಒಂದು ರೂಢಿ ಅಂತಲೂ ಅವರಿಗೆ ಅನ್ನಿಸಿರಲಿಕ್ಕಿಲ್ಲ, ಹಾಲು ಅಂದರೆ ಹಾಗೇ ಅಲ್ವಾ ಅಂತ ಇರುತ್ತದೆ. ನನ್ನ ಗಡುಸು ಕಂಬಳಿಯೂ ಹಾಗೇ ಆಯಿತು. ಧರ್ಮ, ಹಬ್ಬ, ಬಣ್ಣ, ಇಂಥ ಎದ್ದು ಕಾಣುವ ವಿಷಯಗಳಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಏಟು ಬೀಳುವುದು ಯಾರೂ ಮಾತೇ ಆಡದ ಇಂಥ ಕಡೆ.

ಅಮೆರಿಕದ ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್ ಜರ್ಮನಿಯಲ್ಲಿ ಸೋತ ಕಥೆ ನೀವೂ ಕೇಳಿರಬಹುದು. 1997ರಲ್ಲಿ ಅಲ್ಲಿನ ಅಂಗಡಿ ಸರಣಿಗಳನ್ನು ಕೊಂಡು ಶುರು ಮಾಡಿದರು. 2006ರಲ್ಲಿ ತಮ್ಮ 85 ಅಂಗಡಿಗಳನ್ನು ಅಲ್ಲಿನದೇ ಮೆಟ್ರೋ ಅನ್ನುವ ಅಂಗಡಿ ಕಂಪನಿಗೆ ಮಾರಿ ಹೊರಟರು. ನಷ್ಟ ಸುಮಾರು 100 ಕೋಟಿ ಡಾಲರ್. ಗಿರಾಕಿಗಳನ್ನು ನೋಡಿ ನಗಬೇಕು ಅಂತ ಅಮೆರಿಕದ ನಿಯಮವನ್ನೇ ಅಲ್ಲಿಗೂ ತಂದಿದ್ದರು. ಪರಿಚಯ ಇಲ್ಲದವರು ಸುಮ್ನೆ ನಕ್ಕರೆ ಜರ್ಮನಿಯ ಜನಕ್ಕೆ ಮುಜುಗರ, ಕೆಲವರಿಗೆ ಅದು ಸಲುಗೆ ಅನ್ನಿಸಿತು. ಕೊಂಡ ಸಾಮಾನನ್ನು ಅಂಗಡಿಯವರೇ ಚೀಲಕ್ಕೆ ತುಂಬಿಕೊಡುವುದೂ ಅವರಿಗೆ ಹಿಡಿಸಲಿಲ್ಲ. ನಮ್ಮ ತರಕಾರಿಯನ್ನು ಇವರು ಯಾಕೆ ಮುಟ್ಟುತ್ತಾರೆ ಅಂತ. ಬೆಳಗ್ಗೆ ಕೆಲಸಗಾರರನ್ನೆಲ್ಲ ನಿಲ್ಲಿಸಿ ಕಂಪನಿ ಹೆಸರಲ್ಲಿ ಘೋಷಣೆ ಕೂಗಿಸುತ್ತಿದ್ದರು. ಕೆಲಸ ಮಾಡುವವರು ತಮ್ಮತಮ್ಮಲ್ಲಿ ಪ್ರೀತಿ ಪ್ರೇಮ ಅಂತ ಓಡಾಡಬಾರದು ಅಂತ ಒಂದು ನಿಯಮ ತಂದರು. 2005ರಲ್ಲಿ ಅಲ್ಲಿನ ಕೋರ್ಟ್ ಅದನ್ನು ತಳ್ಳಿಹಾಕಿತು.

ಇಲ್ಲಿ ಒಂದು ಮಾತು ಬಿಟ್ಟುಬಿಟ್ಟರೆ ಅನ್ಯಾಯ ಆಗುತ್ತದೆ. ನಗುವಿನ ಕಥೆ ಹೇಳಲು ಚೆನ್ನಾಗಿದೆ, ಅದಕ್ಕೇ ಎಲ್ಲರೂ ಅದನ್ನೇ ಹೇಳುತ್ತಾರೆ. ಬರೀ ನಗುವಿನಿಂದ ಅಷ್ಟು ದೊಡ್ಡ ಕಂಪನಿ ಮುಳುಗುವುದಿಲ್ಲ. ಆಲ್ಡಿ, ಲಿಡ್ಲ್ ಅನ್ನುವ ಅಂಗಡಿಗಳು ಅಲ್ಲಿ ಮೊದಲೇ ಅಗ್ಗದ ಬೆಲೆಗೆ ಬೇರು ಬಿಟ್ಟಿದ್ದವು. ಅಸಲಿಗಿಂತ ಕಡಿಮೆಗೆ ಮಾರಿ ಗಿರಾಕಿ ಎಳೆಯುವುದಕ್ಕೆ ಅಲ್ಲಿನ ಕಾನೂನು ಬಿಡಲಿಲ್ಲ. ಕಾರ್ಮಿಕ ಸಂಘಗಳ ಜೊತೆ ಕೂತು ಮಾತಾಡುವುದು ಅಲ್ಲಿ ಮಾಮೂಲು, ಇವರಿಗೆ ಅದು ಒಗ್ಗಲಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆ: ಮೊದಲಿಗೆ ಅಮೆರಿಕದಿಂದ ಬಂದವರೇ ಮುಖ್ಯಸ್ಥರು, ಮೇಲಿನ ಹಂತದಲ್ಲಿ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಹತ್ತಾರು ವರ್ಷ ಅದೇ ಅಂಗಡಿ ನಡೆಸಿದ ಜರ್ಮನ್ ಮ್ಯಾನೇಜರ್ ಮನಸ್ಸಿನ ಮಾತನ್ನು ಯಾವ ಭಾಷೆಯಲ್ಲಿ ಹೇಳಬೇಕು? ನೂಲು ಸುತ್ತುವ ಅಜ್ಜಿಗೆ ಇಂಗ್ಲಿಷಲ್ಲಿ ಕೇಳಿ ಅಂದ ಹಾಗಾಯಿತು.

ಹಾಗೇ ಇನ್ನೊಂದು. ಷೆವ್ರೊಲೆ ನೋವಾ ಕಾರಿನ ಕಥೆ ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ಸ್ಪ್ಯಾನಿಷ್ ಭಾಷೆಯಲ್ಲಿ 'ನೋ ವಾ' ಅಂದರೆ 'ಹೋಗಲ್ಲ', ಅದಕ್ಕೇ ಕಾರು ಮಾರಾಟ ಆಗಲಿಲ್ಲ ಅಂತಾರೆ. ವ್ಯಾಪಾರದ ತರಬೇತಿಗಳಲ್ಲೂ ಇದನ್ನು ಹೇಳಿಕೊಡುತ್ತಾರೆ. ನಿಜದಲ್ಲಿ ಆ ಕಾರು ಮೆಕ್ಸಿಕೋ, ವೆನೆಜುವೆಲಾದಲ್ಲಿ ಚೆನ್ನಾಗಿಯೇ ಹೋಯಿತು. ಮೆಕ್ಸಿಕೋದ ಸರ್ಕಾರಿ ತೈಲ ಕಂಪನಿ ಅದೇ ಹೆಸರಲ್ಲಿ ಪೆಟ್ರೋಲನ್ನೂ ಮಾರುತ್ತಿತ್ತು. ನಮ್ಮ ಕಿವಿಗಂತೂ 'ನೋವಾ' ಅಂದರೆ 'ಎಲ್ಲಿ ನೋವು' ಅಂತ ಕೇಳಿದ ಹಾಗೆ, ಹಾಗಂತ ಕಾರು ಚೆನ್ನಾಗಿದ್ದರೆ ಬಿಡುತ್ತೇವಾ? ಹೆಸರಿನ ಚಿಂತೆಗೆ ಒಂದು ಸಂಜೆ ಸಾಕು.

ಇಂಟರ್ನೆಟ್ಟಿನಲ್ಲಿ ಕೊಳ್ಳುವ ಮಾರುವ ಅಮೆರಿಕದ ಸೈಟು ಈಬೇ ಚೀನಾದಲ್ಲಿ ಎಡವಿದ ಕಥೆ ನಮ್ಮ ಮಂಡಿಪೇಟೆಯ ವ್ಯಾಪಾರಿಗಳಿಗೆ ಬೇಗ ಅರ್ಥ ಆಗುವಂಥದ್ದು. 2003ರಲ್ಲಿ ಈಬೇ ಅಲ್ಲಿನ ಈಚ್‌ನೆಟ್ ಅನ್ನುವ ಕಂಪನಿಯನ್ನು ಪೂರ್ತಿ ಕೊಂಡಿತು. ಅದೇ ವರ್ಷ ಚೀನಾದ್ದೇ ಅಲಿಬಾಬಾ ಕಂಪನಿಯವರು ಟಾವೊಬಾವೊ ಅನ್ನುವ ಸೈಟು ಶುರು ಮಾಡಿದರು. ಇದರಲ್ಲಿ ಕೊಳ್ಳುವವರು ಮಾರುವವರು ನೇರವಾಗಿ ಚಾಟ್ ಮಾಡಬಹುದಿತ್ತು. ಸಾಮಾನು ಕೈಗೆ ಬರುವವರೆಗೆ ದುಡ್ಡು ಮಧ್ಯದಲ್ಲೇ ತಡೆದಿಡುವ ಏರ್ಪಾಡೂ ಬಂತು. ಮಾತಾಡದೆ, ಚೌಕಾಸಿ ಮಾಡದೆ, ಮುಖ ಗೊತ್ತಿಲ್ಲದವನಿಗೆ ದುಡ್ಡು ಕೊಡುವುದು ಅಲ್ಲಿನ ಜನಕ್ಕೆ ಆಗದ ಮಾತು. ಮಂಡಿಪೇಟೆಯಲ್ಲೂ "ಕೊನೆಗೆ ಎಷ್ಟಕ್ಕೆ ಕೊಡ್ತೀರಾ?" ಅಂತ ಕೇಳದೆ ಯಾರು ತಗೊಳ್ತಾರೆ? 2006ರ ಕೊನೆಗೆ ಈಬೇ ಅಲ್ಲಿನ ತನ್ನ ಸೈಟನ್ನು ಮುಚ್ಚಿತು. ಹೋಮ್ ಡಿಪೋದವರೂ ಅದೇ ಚೀನಾಕ್ಕೆ 2006ರಲ್ಲಿ ಹೋಗಿ, ಉಳಿದಿದ್ದ ಏಳು ದೊಡ್ಡ ಅಂಗಡಿಗಳನ್ನು 2012ರಲ್ಲಿ ಮುಚ್ಚಿದರು. ಮನೆ ರಿಪೇರಿ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಅವರು ಸಾಮಾನು ಮಾರುವವರು. ಮೇಸ್ತ್ರಿ ಸಿಗುವ ಊರಲ್ಲಿ ಟೈಲ್ಸ್ ಹಾಕಲು ಯಾರು ತಾವೇ ಕೂರುತ್ತಾರೆ?

ಚೆನ್ನಾಗಿ ಮಾಡಿದವರೂ ಇದ್ದಾರೆ. ಮೆಕ್‌ಡೊನಾಲ್ಡ್ಸ್ 1996ರಲ್ಲಿ ಭಾರತದಲ್ಲಿ ಬಾಗಿಲು ತೆರೆದಾಗ ಮೆನುವಿನಲ್ಲಿ ದನದ ಮಾಂಸ, ಹಂದಿ ಮಾಂಸ ಎರಡೂ ಇರಲಿಲ್ಲ. ಸಸ್ಯಾಹಾರದ ಅಡುಗೆಗೆ ಬೇರೆ ಜಾಗ, ಬೇರೆ ಪಾತ್ರೆ. ಆಮೇಲೆ ಆಲೂ ಟಿಕ್ಕಿ ಬರ್ಗರ್ ಬಂತು.

ಈಗ ನನಗೆ ಆದ ಎರಡನೇ ಪೆಟ್ಟು. ಇದು ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಇದು ಸಾಮಾನಿನ ವಿಷಯ ಅಲ್ಲ, ಮಾತಿನದು.

ಮೊದಲ ಜಗಳ ತಣ್ಣಗಾಗಿ, ನಾನು ಗಂಜಿ ವಿಷಯ ಬಿಡಿಸಿ ಬರೆದ ಮೇಲೆ, ಅದೇ ಅಂಗಡಿಯವರು ಮತ್ತೆ ಫೋನ್ ಮಾಡಿದರು. ದೊಡ್ಡ ಮನಸ್ಸು ಅವರದು. ಈ ಸಲ ಮೆತ್ತನೆ ಕಂಬಳಿ ಬೇಕು, ಸೆಪ್ಟೆಂಬರ್ ಮೊದಲ ವಾರಕ್ಕೆ ತಲುಪಬೇಕು, ಆಗುತ್ತಾ ಅಂದರು. ಆಮೇಲೆ ತೊಳೆದು ಮೆತ್ತಗೆ ಮಾಡುವುದಾದರೂ ನೇಯುವ ಮುಂಚೆ ಗಂಜಿ ಬಳಿಯಲೇಬೇಕು, ಮಳೆಗಾಲದಲ್ಲಿ ಆ ನೂಲು ಒಣಗುವುದೇ ಕಷ್ಟ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎದುರಿಗೆ "ಆಗಲ್ಲ" ಅನ್ನಲು ಬಾಯಿ ಬರಲಿಲ್ಲ. ಇಷ್ಟೆಲ್ಲ ಆದ ಮೇಲೂ ಕರೆದು ಕೆಲಸ ಕೊಡುತ್ತಿರುವವರಿಗೆ ಹಾಗನ್ನುವುದು ಮರ್ಯಾದೆ ಅಲ್ಲ ಅನ್ನಿಸಿತು. "ನೋಡೋಣ, ಪ್ರಯತ್ನ ಮಾಡ್ತೀವಿ" ಅಂದೆ.

ಈ "ನೋಡೋಣ" ನಮ್ಮ ಕಡೆ ಏನು ಅಂತ ನಿಮಗೆ ಗೊತ್ತು. ಮದುವೆಗೆ ಕರೆಯಲು ಹೋದಾಗ "ನೋಡೋಣ" ಅಂದರೆ ಊಟಕ್ಕೆ ಅವರ ಎಲೆ ಲೆಕ್ಕ ಹಿಡಿಯುವುದಿಲ್ಲ. ಸಾಲ ಕೇಳಿದಾಗ "ನೋಡೋಣ" ಅಂದರೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುತ್ತೇವೆ. ಅದರಲ್ಲಿ ಸುಳ್ಳಿಲ್ಲ, ಕೇಳಿದವರ ಮುಖ ಸಣ್ಣದಾಗದಿರಲಿ ಅನ್ನುವ ಪ್ರೀತಿ ಇದೆ. ಜರ್ಮನಿಯವರು ಅದನ್ನು ಒಪ್ಪಿಗೆ ಅಂತ ಬರೆದುಕೊಂಡು, ಸೆಪ್ಟೆಂಬರ್ ತಾರೀಕು ಹಾಕಿ ತಮ್ಮ ಗಿರಾಕಿಗಳಿಗೆಲ್ಲ ತಿಳಿಸಿಬಿಟ್ಟಿದ್ದರು. ಕಂಬಳಿ ಹೋಗಿದ್ದು ನವೆಂಬರಿನಲ್ಲಿ. ಆ ಅಂಗಡಿಯ ಜೊತೆ ವ್ಯಾಪಾರ ಅಲ್ಲಿಗೆ ಮುಗಿಯಿತು. ಗೋಂದಿನ ಮಾತನ್ನು ಅವರು ಮರೆತಿದ್ದರು. ತಾರೀಕು ತಪ್ಪಿದ್ದನ್ನು ಮರೆಯಲಿಲ್ಲ.

ಜಪಾನಿನವರ ಜೊತೆ ವ್ಯವಹಾರ ಮಾಡಿದರೆ ಇದು ತಿರುಗುಮುರುಗು. ಅವರಲ್ಲೂ "ಕೆಂತೋ ಶಿಮಾಸು" ಅನ್ನುವ ಮಾತಿದೆ, 'ಯೋಚನೆ ಮಾಡುತ್ತೇವೆ' ಅಂತ ಅರ್ಥ. ವ್ಯಾಪಾರದಲ್ಲಿ ಎಷ್ಟೋ ಸಲ ಅದು ಮೆಲ್ಲಗೆ ಬೇಡ ಅನ್ನುವ ರೀತಿ. ಅಂದರೆ ಅವರದ್ದೂ ನಮ್ಮ "ನೋಡೋಣ"ವೇ. ಇಷ್ಟು ಹತ್ತಿರದ ಮಾತಾದರೂ ಇಂಗ್ಲಿಷಿನಲ್ಲಿ ಕೇಳಿದಾಗ ನಮಗೆ ಅದು ಹೊಳೆಯುವುದಿಲ್ಲ, ಆರ್ಡರ್ ಬರುತ್ತೆ ಅಂತ ಕಾಯುತ್ತಾ ಕೂರುತ್ತೇವೆ.

ನಿಮ್ಮ ಖಾರ ಮಂಡಕ್ಕಿಗೆ ಬರೋಣ. ಮೊದಲು ತೀರ್ಮಾನ ಮಾಡಬೇಕಾದದ್ದು, ತಿನ್ನುವವರು ಅಲ್ಲಿರುವ ನಮ್ಮವರಾ, ಅಲ್ಲಿನವರಾ ಅಂತ. ನಮ್ಮವರಾದರೆ ಒಂದು ಕಾಳು ಹುರಿಗಡಲೆ ಪುಡಿಯನ್ನೂ ಬದಲಾಯಿಸಬೇಡಿ. ಅವರಿಗೆ ಬೇಕಾಗಿರುವುದು ದಾವಣಗೆರೆಯ ಸಂಜೆ. ಬೇರೆಯವರಿಗಾದರೆ ಪೂರ್ತಿ ಬೇರೆ ಲೆಕ್ಕ. ಇಲ್ಲಿ ನಾವು ಪೇಪರ್ ಮೇಲೆ ಸುರಿದುಕೊಂಡು, ಪಕ್ಕದಲ್ಲಿ ಮಿರ್ಚಿ ಇಟ್ಟುಕೊಂಡು, ನಾಲ್ಕು ಜನ ಕೂತು ತಿನ್ನುತ್ತೇವೆ, ಆಮೇಲೆ ಕೈ ತೊಳೆಯುತ್ತೇವೆ. ಕಾರಿನಲ್ಲೋ ಆಫೀಸಿನಲ್ಲೋ ಒಬ್ಬರೇ ಪ್ಯಾಕೆಟ್ಟಿಗೆ ಕೈ ಹಾಕಿ ತಿನ್ನುವವರಿಗೆ ಆ ಪುಡಿ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಅವರು ಅದನ್ನು ಎಲ್ಲಿ ಒರೆಸಬೇಕು? ಅವರು ನಿಮಗೆ ಇದನ್ನು ಬರೆದು ತಿಳಿಸುವುದಿಲ್ಲ, ಮತ್ತೆ ಕೊಳ್ಳುವುದಿಲ್ಲ ಅಷ್ಟೇ. ಬೆಣ್ಣೆ ದೋಸೆಯನ್ನೇ ನೋಡಿ. ನಾವು ಚಟ್ನಿ, ಆಲೂಗಡ್ಡೆ ಪಲ್ಯದ ಜೊತೆ ಕೊಡುತ್ತೇವೆ. ಬೆಂಗಳೂರಿನಿಂದ ಬಂದವರು "ಸಾಂಬಾರ್ ಎಲ್ಲಿ?" ಅಂತಾರೆ. ಒಂದೇ ರಾಜ್ಯದಲ್ಲೇ ಹೀಗೆ.

ಹಾಗಾಗಿ ಸಾವಿರ ಪ್ಯಾಕೆಟ್ಟಿನ ಆರ್ಡರ್ ಹುಡುಕುವ ಮುಂಚೆ ಹತ್ತು ಪ್ಯಾಕೆಟ್ ಕಳಿಸಿ. ಅಲ್ಲಿರುವ ಪರಿಚಯದವರಿಗೆ ಹೇಳಿ, ತಮ್ಮ ಆಫೀಸಿನಲ್ಲಿ ಮೇಜಿನ ಮೇಲೆ ಬಿಚ್ಚಿಡಲಿ. ಹೇಗಿದೆ ಅಂತ ಯಾರನ್ನೂ ಕೇಳುವುದು ಬೇಡ, ಚೆನ್ನಾಗಿದೆ ಅಂತಲೇ ಅಂತಾರೆ. ಜನ ಕೈಯಲ್ಲಿ ತಗೊಂಡರಾ, ಚಮಚ ಹುಡುಕಿದರಾ, ನೀರು ಎಷ್ಟು ಕುಡಿದರು, ಸಂಜೆ ಹೊತ್ತಿಗೆ ಎಷ್ಟು ಉಳಿದಿತ್ತು, ಇಷ್ಟು ನೋಡಿ ನಿಮಗೆ ಹೇಳಲಿ. ನಿಮ್ಮ ಘಟಕದಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸರಿಗೂ ಅದನ್ನು ಓದಿ ಹೇಳಿ, ಅವರು ಏನು ಕೇಳುತ್ತಾರೋ ಬರೆದುಕೊಳ್ಳಿ. ನಾನು ಈಗ ಆರ್ಡರ್ ಬಂದ ಕೂಡಲೇ ಕಳಿಸುವ ಮೊದಲ ಪತ್ರದಲ್ಲಿ ಬೆಲೆ ಇರುವುದಿಲ್ಲ. ಹಾಸುವುದಕ್ಕಾ, ಹೊದೆಯುವುದಕ್ಕಾ ಅಂತ ಕೇಳಿರುತ್ತೇನೆ. ಅದರ ಕೆಳಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುವುದಿಲ್ಲ ಅಂತ ಬರೆದಿರುತ್ತೇನೆ.