ದಾವಣಗೆರೆಯ ಮನೆಯಲ್ಲಿ ದುಬಾರಿ ಲೈಟ್ ಇಲ್ಲದೆ ಹವಳದ ಅಕ್ವೇರಿಯಂ ಉಳಿಸಿಕೊಳ್ಳಬಹುದೇ?

ಖಂಡಿತ ಉಳಿಸಿಕೊಳ್ಳಬಹುದು. ಒಂದಡಿಗಿಂತ ಆಳವಿಲ್ಲದ ತೊಟ್ಟಿ ಇಟ್ಟುಕೊಂಡು, ಕಡಿಮೆ ಬೆಳಕಿನಲ್ಲೇ ಬದುಕುವ ಮಶ್ರೂಮ್, ಝೋಯಾಂಥಿಡ್‌ನಂಥ ಮೃದು ಹವಳದ ಜಾತಿಗಳನ್ನು ಆರಿಸಿ. ಗಟ್ಟಿ ಹವಳಗಳಿಗೆ ಪ್ರಖರ ಲೈಟ್ ಬೇಕು. ಮೇಲಾಗಿ ನಮ್ಮ ಕಡಲಿನ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವನ್ನು ಕೊಳ್ಳಲೇಬೇಡಿ.

ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದನ್ನು ಸಾಕುತ್ತದೆ. ಆ ಪಾಚಿಗೆ ಹೆಚ್ಚು ಉಪಯೋಗವಾಗುವುದು ನೀಲಿ ಬೆಳಕು, ಅಂದರೆ ಸುಮಾರು 420ರಿಂದ 480 ನ್ಯಾನೋಮೀಟರ್ ಅಲೆಯುದ್ದದ್ದು. ಆದ್ದರಿಂದ ದೊಡ್ಡ ವ್ಯಾಟಿನ ಹಳದಿ ಬಲ್ಬಿಗಿಂತ ನೀಲಿ-ಬಿಳಿ ಬೆರೆತ ಸಾಧಾರಣ ಎಲ್‌ಇಡಿಯೇ ಮೇಲು. ಟೈಮರ್ ಹಾಕಿ ದಿನಕ್ಕೆ 8 ಗಂಟೆ ಉರಿಸಿದರೆ ಸಾಕು.

ನಮ್ಮೂರಲ್ಲಿ ಬೆಳಕಿಗಿಂತ ಬೇಸಿಗೆಯದೇ ಚಿಂತೆ. ನೀರು 30 ಡಿಗ್ರಿ ದಾಟಿ ಹಾಗೇ ನಿಂತರೆ ಹವಳ ಆ ಪಾಚಿಯನ್ನೇ ಹೊರಹಾಕಿ ಬಿಳಚಿಕೊಳ್ಳುತ್ತದೆ; ಆಗ ಎಂಥ ಲೈಟಿದ್ದರೂ ಪ್ರಯೋಜನವಿಲ್ಲ. ಏಪ್ರಿಲ್, ಮೇನಲ್ಲಿ ಲೈಟನ್ನು ಸಂಜೆ 4ರಿಂದ ರಾತ್ರಿ 12ರವರೆಗೆ ಉರಿಸಿ, ಮಧ್ಯಾಹ್ನದ ಕಾವಿಗೆ ಅದರ ಬಿಸಿ ಸೇರುವುದಿಲ್ಲ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಆವಿಯಾಗುತ್ತಾ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಾಗ ಉಪ್ಪು ತೊಟ್ಟಿಯಲ್ಲೇ ಉಳಿಯುವುದರಿಂದ, ತಗ್ಗಿದಷ್ಟನ್ನು ಉಪ್ಪು ಬೆರೆಸದ ಆರ್‌ಓ ನೀರಿನಿಂದ ತುಂಬಿಸಿ. ಬೋರ್‌ವೆಲ್ ನೀರು ಬೇಡ.

ಕರೆಂಟ್ ಹೋದಾಗ ಲೈಟಿಗಾಗಿ ಗಾಬರಿಯಾಗಬೇಡಿ, ಹವಳ ಒಂದು ದಿನದ ಕತ್ತಲನ್ನು ತಡೆಯುತ್ತದೆ. ನಿಂತ ನೀರಿನಲ್ಲಿ ಆಮ್ಲಜನಕ ಮಾತ್ರ ಬೇಗ ಕಡಿಮೆಯಾಗುತ್ತದೆ. ಲೈಟಿನಲ್ಲಿ ಉಳಿಸಿದ ದುಡ್ಡಿನಲ್ಲಿ ಮೊದಲು ಬ್ಯಾಟರಿಯ ಏರ್ ಪಂಪ್ ತಂದಿಡಿ.