ಅವನ ಕೈ ಎಲ್ಲಿತ್ತು?

ಪ್ರಿಯ ಲೇಖಕರೇ,

ಹಳೆಯ ಹಾಲಿವುಡ್ ನಾಯಕರ ಉಡುಗೆ, ನಿಲುವು, ಠೀವಿಗಳ ಕುರಿತು ನೀವು ಬರೆದ ‘ಮಾಸದ ಗತ್ತು’ ಪ್ರಬಂಧ ತಲುಪಿದೆ. ವಿಷಯ ಚೆನ್ನಾಗಿದೆ, ಭಾಷೆ ಶುದ್ಧವಾಗಿದೆ, ಅಕ್ಷರದೋಷಗಳಿಲ್ಲ. ಹೊಗಳಿಕೆ ಇಲ್ಲಿಗೆ ಮುಗಿಯಿತು. ಎರಡನೆಯ ಪುಟ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಅದೇಕೆ ಬಂತೆಂದು ಬಿಡಿಸಿ ಹೇಳುತ್ತೇನೆ.

ನಿಮ್ಮ ಸಾಲು: “ಸ್ಟೀವ್ ಮೆಕ್ವೀನ್ ತೊಟ್ಟದ್ದೆಲ್ಲ ಅನಾಯಾಸವಾಗಿ ಶೈಲಿಯಾಗುತ್ತಿತ್ತು.” ಅದರ ಬೆನ್ನಿಗೇ: “‘ಬುಲಿಟ್’ ಚಿತ್ರದ ಕಂದು ಟ್ವೀಡ್ ಕೋಟು, ನೀಲಿ ಟರ್ಟಲ್‌ನೆಕ್, ಸ್ವೀಡ್ ಬೂಟು, ಗಂಡಸಿನ ಸೊಬಗಿನ ಪರಾಕಾಷ್ಠೆ!” ಇದು ಲಾಂಡ್ರಿಗೆ ಬಟ್ಟೆ ಹಾಕುವಾಗ ಬರೆಸಿಕೊಳ್ಳುವ ಚೀಟಿ. ಬಟ್ಟೆಯೊಳಗಿನ ಮನುಷ್ಯ ಎಲ್ಲಿ ಹೋದ? 1968ರ ಅದೇ ಚಿತ್ರದಲ್ಲಿ ಆತ ಒಂದು ಅಂಗಡಿಗೆ ಹೋಗುತ್ತಾನೆ. ಶೀತಲ ಪೆಟ್ಟಿಗೆಯಲ್ಲಿರುವ ಸಿದ್ಧ ಊಟದ ಪೊಟ್ಟಣಗಳನ್ನು, ಯಾವುದರಲ್ಲಿ ಏನಿದೆ ಎಂದು ನೋಡುವ ಗೋಜಿಗೂ ಹೋಗದೆ, ಒಂದರ ಮೇಲೊಂದು ಎತ್ತಿಕೊಳ್ಳುತ್ತಾನೆ. ಒಂಟಿತನ, ದಣಿವು, ರುಚಿಯ ಬಗ್ಗೆ ಉದಾಸೀನ, ಎಲ್ಲವೂ ಆ ಒಂದು ಚಲನೆಯಲ್ಲಿವೆ. ಆ ಹೊತ್ತಿನಲ್ಲಿ ಅವನ ಮೈಮೇಲೆ ಯಾವ ಕೋಟಿತ್ತೆಂದು ಯಾರಿಗೂ ನೆನಪಿರುವುದಿಲ್ಲ. ನೀವು ಬರೆಯಬೇಕಿದ್ದದ್ದು ಇದನ್ನು.

ನಾನು ಸಿನಿಮಾ ಪುಟಕ್ಕೆ ಬರೆಯಲು ಕಲಿಯುತ್ತಿದ್ದಾಗ ನಮ್ಮಲ್ಲೊಬ್ಬ ಹಿರಿಯ ಉಪಸಂಪಾದಕರಿದ್ದರು. ಮಾತು ಕಡಿಮೆ, ಕೆಂಪು ಶಾಯಿ ಹೆಚ್ಚು. “ನಾಯಕ ಸ್ಟೈಲಾಗಿ ನಿಂತಿದ್ದ” ಎಂದು ಬರೆದುಕೊಟ್ಟರೆ ಅಂಚಿನಲ್ಲಿ “ಕೈ ಎಲ್ಲಿತ್ತು?” ಎಂದು ಗೀಚಿ ಹಾಳೆಯನ್ನು ಹಿಂದಿರುಗಿಸುತ್ತಿದ್ದರು. ಉತ್ತರ ಗೊತ್ತಿಲ್ಲದಿದ್ದರೆ ಮತ್ತೆ ಚಿತ್ರಮಂದಿರಕ್ಕೆ ಹೋಗಬೇಕು, ಅದೂ ಸ್ವಂತ ದುಡ್ಡಿನಲ್ಲಿ. ಬೇಕಾದಲ್ಲಿ ನಿಲ್ಲಿಸಿ, ಹಿಂದೆ ಸರಿಸಿ ನೋಡುವ ಸೌಕರ್ಯ ಆಗ ಎಲ್ಲಿತ್ತು? ಒಮ್ಮೆ “ಕೈ ಜೇಬಿನಲ್ಲಿತ್ತು” ಎಂದು ಜಂಭದಿಂದ ಬರೆದುಕೊಟ್ಟೆ. “ಎರಡೂ?” ಎಂಬ ಪ್ರಶ್ನೆ ಹೊತ್ತು ಹಾಳೆ ಮತ್ತೆ ನನ್ನ ಮೇಜಿಗೆ ಬಂತು. ಅವರನ್ನು ಮನಸಾರೆ ಶಪಿಸಿದ್ದೇನೆ. ಆದರೆ ತೆರೆಯ ಮೇಲೆ ಯಾರು ಬಂದರೂ ಮುಖಕ್ಕಿಂತ ಮೊದಲು ಕೈ ನೋಡುವ ಚಟ ಇಂದಿಗೂ ಹೋಗಿಲ್ಲ.

ಈಗ ನಿಮ್ಮ ಮೂರನೆಯ ಪುಟ: “ಶಾನ್ ಕಾನರಿ ತೆರೆಗೆ ಬಂದೊಡನೆ ಆ ಹುಟ್ಟು ಠೀವಿ ತಾನೇತಾನಾಗಿ ಹರಡಿಕೊಳ್ಳುತ್ತದೆ.” ತಾನೇತಾನಾಗಿ ಏನೂ ಹರಡಿಕೊಳ್ಳುವುದಿಲ್ಲ, ಸ್ವಾಮಿ. ಅವನು ಜೇಮ್ಸ್ ಬಾಂಡ್ ಆದ 1962ರ ‘ಡಾ. ನೋ’ ಚಿತ್ರದ ಜೂಜಿನ ಮೇಜಿನ ದೃಶ್ಯವನ್ನು ಮತ್ತೆ ನೋಡಿ. ಮೊದಲು ಕಾಣುವುದು ಇಸ್ಪೀಟು ಹಿಡಿದ ಕೈ, ಆಮೇಲೆ ಬೆನ್ನು, ಹೆಗಲು. ಎದುರಿಗೆ ಕುಳಿತ ಹೆಂಗಸು ಸೋಲುತ್ತಿದ್ದಾಳೆ. ಅವಳು ಹೆಸರು ವಿಚಾರಿಸಿದ ಮೇಲೆಯೇ, ಸಿಗರೇಟು ಹೊತ್ತಿಸುತ್ತಿರುವ ಮುಖ ನಮಗೆ ಸಿಗುವುದು. ನಿರ್ದೇಶಕ ಟೆರೆನ್ಸ್ ಯಂಗ್ ಆ ಮುಖವನ್ನು ಬೇಕೆಂದೇ ತಡೆದಿಟ್ಟಿದ್ದಾರೆ. ಅಂದಹಾಗೆ, ನೀವು ಹೇಳುವ ಹುಟ್ಟು ಠೀವಿಯ ಒಡೆಯ ಒಂದು ಕಾಲಕ್ಕೆ ಎಡಿನ್‌ಬರೋದಲ್ಲಿ ಹಾಲು ಹಂಚುತ್ತಿದ್ದ. ಯಂಗ್ ಅವನನ್ನು ತಮ್ಮ ದರ್ಜಿ ಆಂಥನಿ ಸಿಂಕ್ಲೇರ್ ಬಳಿ ಕರೆದೊಯ್ದು ಸೂಟು ಹೊಲಿಸಿದರು. ಅದು ಮೈಗೆ ಒಗ್ಗಲೆಂದು ತೊಟ್ಟುಕೊಂಡೇ ಮಲಗಲು ಹೇಳಿದ್ದರಂತೆ. ಕ್ಯಾರಿ ಗ್ರಾಂಟ್ ಕೂಡ 1904ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಆರ್ಚಿಬಾಲ್ಡ್ ಲೀಚ್. ಹದಿಹರೆಯದಲ್ಲೇ ಕಸರತ್ತಿನ ತಂಡ ಸೇರಿ ಮೈ ಪಳಗಿಸಿಕೊಂಡವನು. ಐವತ್ತು ದಾಟಿದ ಮೇಲೂ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಿತ್ರದಲ್ಲಿ ಬೂದು ಸೂಟಿನಲ್ಲಿ ವಿಮಾನಕ್ಕೆ ಹೆದರಿ ಓಡಿ, ಮಣ್ಣಿಗೆ ಬಿದ್ದು, ಅಷ್ಟಾದರೂ ನಗೆಪಾಟಲಾಗದೆ ಎದ್ದದ್ದು ಆ ಮೈ. ಇಂಥವರ ಬಗ್ಗೆ ನೀವು “ಅನಾಯಾಸ” ಎಂದು ಹನ್ನೊಂದು ಸಲ ಬರೆದಿದ್ದೀರಿ. ಎಣಿಸಿದ್ದೇನೆ.

ಇನ್ನೊಂದು ಸಾಲಂತೂ ಸಹಿಸಲಾರದ್ದು: “‘ದಿ ಗ್ರೇಟ್ ಎಸ್ಕೇಪ್’ನಲ್ಲಿ ಬೈಕೇರಿ ಬೇಲಿ ಹಾರುವ ಮೆಕ್ವೀನ್‌ನ ಎದೆಗಾರಿಕೆ ನಮ್ಮನ್ನು ಬೆರಗುಗೊಳಿಸುತ್ತದೆ.” 1963ರ ಆ ಚಿತ್ರದಲ್ಲಿ ಬೇಲಿ ಹಾರಿದವನು ಮೆಕ್ವೀನ್ ಅಲ್ಲ, ಅವನ ಗೆಳೆಯ ಬಡ್ ಎಕಿನ್ಸ್. ಮೆಕ್ವೀನ್ ಒಳ್ಳೆಯ ಬೈಕ್ ಸವಾರ ಎಂಬುದು ನಿಜ, ಆದರೆ ಆ ನೆಗೆತ ಅವನದಲ್ಲ. ಐದು ವರ್ಷಗಳ ನಂತರ ‘ಬುಲಿಟ್’ನ ಕಾರು ಬೆನ್ನಟ್ಟುವಿಕೆಯಲ್ಲೂ ಅಪಾಯದ ಚಾಲನೆಗೆ ಇದೇ ಎಕಿನ್ಸ್ ಇದ್ದ. ಸುಮಾರು ಹತ್ತು ನಿಮಿಷದ ಆ ದೃಶ್ಯದಲ್ಲಿ ಯಾರೂ ಮಾತನಾಡುವುದಿಲ್ಲ. ಕಾರುಗಳು ವೇಗ ಪಡೆದ ಕೂಡಲೇ ಲಾಲೊ ಶಿಫ್ರಿನ್‌ರ ಸಂಗೀತವೂ ನಿಂತು, ಉಳಿಯುವುದು ಎಂಜಿನ್ನಿನ ಅಬ್ಬರ, ಟೈರಿನ ಕಿರುಚಾಟ. ಸಂಕಲನಕಾರ ಫ್ರಾಂಕ್ ಕೆಲರ್‌ಗೆ ಆಸ್ಕರ್ ಬಂತು. ಒಬ್ಬನ ಮುಖದ ಮೇಲಿನ ನಿರುದ್ವೇಗಕ್ಕೆ ಇಷ್ಟು ಜನ ಬೆವರು ಸುರಿಸಿದ್ದಾರೆ. ಆ ಬೆವರನ್ನೆಲ್ಲ ಒರೆಸಿ ಹಾಕಿ “ಎದೆಗಾರಿಕೆ” ಎಂದುಬಿಟ್ಟರೆ ನನಗೆ ಹೊಟ್ಟೆ ಉರಿಯುತ್ತದೆ.

ನಟ ಪಾಲ್ ನ್ಯೂಮನ್‌ನ ರೋಲೆಕ್ಸ್ ಡೇಟೋನಾ ಕೈಗಡಿಯಾರ 2017ರ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತೆಂದು ಮೂರು ಕಡೆ ಬರೆದಿದ್ದೀರಿ. ಕಾರು ರೇಸಿಗೆ ಬಿದ್ದ ಗಂಡನಿಗೆ ಅದನ್ನು ಉಡುಗೊರೆ ಕೊಟ್ಟ ಜೋನ್ ವುಡ್‌ವರ್ಡ್, ಹಿಂಬದಿಯಲ್ಲಿ ‘ಹುಷಾರಾಗಿ ಓಡಿಸು, ನಾನು’ ಎಂಬರ್ಥದ ಮಾತು ಕೆತ್ತಿಸಿದ್ದಳು. ಅದನ್ನು ಒಂದು ಕಡೆಯೂ ಬರೆದಿಲ್ಲ. ಬೆಲೆ ತೆಗೆಯಿರಿ, ಹೆಂಡತಿಯನ್ನು ಸೇರಿಸಿ.

ಬ್ರಾಂಡೊ, ಡೀನ್, ಬೋಗಾರ್ಟ್ ಭಾಗಗಳ ಬಗ್ಗೆ ತಕರಾರಿಲ್ಲ, ಹಾಗಾಗಿ ಮಾತೂ ಇಲ್ಲ.

ತಿದ್ದಿ ಕಳುಹಿಸಿ. ಮೆಕ್ವೀನ್ ಬಿಡಿ, ಎಕಿನ್ಸ್‌ನಿಂದ ಶುರುಮಾಡಿ. “ಇಂದಿನ ಯುವಕರಲ್ಲಿ ಆ ಗಂಡಸುತನವೆಲ್ಲಿ?” ಎಂಬ ಕೊನೆಯ ಗೋಳನ್ನು ನಾನೇ ಹೊಡೆದುಹಾಕಿದ್ದೇನೆ. ಮತ್ತೆ ಸೇರಿಸಿದರೆ ಮತ್ತೆ ಹೊಡೆದುಹಾಕುತ್ತೇನೆ. ಸಾವಿರದೈನೂರು ಪದ ಮೀರದಿರಲಿ.

– ಸಂಪಾದಕ